ಅರ್ಧ ಗ್ರಾಂ ಪಾದರಸ, 228 ವರ್ಷ

ಹಳೆಯ ಗಾಜಿನ ಥರ್ಮಾಮೀಟರಿನ ತುದಿಯಲ್ಲಿ ಮಿನುಗುವ ಪಾದರಸ ಸುಮಾರು ಅರ್ಧ ಗ್ರಾಂ. ಮೀನಿನಲ್ಲಿ ಸೇರುವ ಮೀಥೈಲ್ ಪಾದರಸಕ್ಕೆ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಾಕಿರುವ ಮಿತಿ ದಿನಕ್ಕೆ, ದೇಹತೂಕದ ಪ್ರತಿ ಕಿಲೋಗೆ 0.1 ಮೈಕ್ರೋಗ್ರಾಂ. ಅಂದರೆ 60 ಕಿಲೋ ತೂಗುವ ಬಸುರಿಗೆ 6 ಮೈಕ್ರೋಗ್ರಾಂ. ಈ ಲೆಕ್ಕದಲ್ಲಿ ಅಷ್ಟೇ ತೂಕದ ಮೀಥೈಲ್ ಪಾದರಸ ಖರ್ಚಾಗಲು 228 ವರ್ಷ ಹಿಡಿಯುತ್ತದೆ. ಟಿಪ್ಪು ಬದುಕಿದ್ದಾಗ ಶುರು ಮಾಡಿದ್ದರೆ ಈಗ ಮುಗಿಯಬೇಕು!

ಇಷ್ಟು ಬಿಗಿಯೇಕೆ? ಕೆಸರಿನ ಬ್ಯಾಕ್ಟೀರಿಯಾಗಳು ಪಾದರಸವನ್ನು ಮೀಥೈಲ್ ರೂಪಕ್ಕೆ ತಿರುಗಿಸುತ್ತವೆ. ಅದು ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಏರುವಷ್ಟರಲ್ಲಿ ನೀರಿನಲ್ಲಿದ್ದುದರ ಹತ್ತು ಲಕ್ಷ ಪಟ್ಟು ಸಾಂದ್ರವಾಗಬಲ್ಲದು. ಮುಂದೆ, ಪ್ರೋಟೀನಿನ ಅಮೈನೋ ಆಮ್ಲದ ವೇಷದಲ್ಲಿ ಮಾಸನ್ನೂ ದಾಟಿಬಿಡುತ್ತದೆ. ಹೊಕ್ಕುಳಬಳ್ಳಿಯ ರಕ್ತದಲ್ಲಿ ತಾಯಿಯ ರಕ್ತದಲ್ಲಿರುವುದರ ಸರಾಸರಿ 1.7 ಪಟ್ಟು!

ಮಾಸು ವಿಷವನ್ನು ತಡೆಯುತ್ತದೆಂದೇ ವೈದ್ಯರು ಒಂದು ಕಾಲಕ್ಕೆ ನಂಬಿದ್ದರು. ಆ ನಂಬಿಕೆ ಮುರಿದದ್ದು ಜಪಾನಿನ ಮಿನಮಾಟದಲ್ಲಿ. ಅಲ್ಲಿ ಚಿಸ್ಸೊ ಕಾರ್ಖಾನೆ 1932ರಿಂದ 1968ರವರೆಗೆ ಕೊಲ್ಲಿಗೆ ಪಾದರಸದ ತ್ಯಾಜ್ಯ ಬಿಟ್ಟಿತು. ಆ ಕೊಲ್ಲಿಯ ಮೀನು ತಿಂದ ತಾಯಿ ಗಟ್ಟಿಮುಟ್ಟಾಗಿದ್ದರೂ ಕೆಲವು ಮಕ್ಕಳಿಗೆ ಬೆಳೆದರೂ ಮಾತು, ನಡಿಗೆ ಬರುತ್ತಿರಲಿಲ್ಲ. ಅಲ್ಲಿಯ ಮನೆಗಳಲ್ಲಿ ಮಗುವಿನ ಹೊಕ್ಕುಳಬಳ್ಳಿಯನ್ನು ಒಣಗಿಸಿ ಪುಟ್ಟ ಮರದ ಪೆಟ್ಟಿಗೆಯಲ್ಲಿ ಇಡುವ ಪದ್ಧತಿಯಿದೆ. ಡಾ. ಮಸಾಜುಮಿ ಹರಾಡ ಆ ಪೆಟ್ಟಿಗೆಗಳನ್ನು ಕೇಳಿ ಪಡೆದರು. ವರ್ಷಗಳ ಹಿಂದಿನ ಒಣಬಳ್ಳಿಯಲ್ಲೂ ಮೀಥೈಲ್ ಪಾದರಸ ಸಿಕ್ಕಿತು.

ಅಲ್ಲಿಯದು ಕಣ್ಣಿಗೆ ಕಾಣುವ ಹಾನಿ. ಕಡಿಮೆ ಪ್ರಮಾಣದ್ದು ತರಗತಿಯಲ್ಲಷ್ಟೇ ಕಾಣಬಹುದು. ಅಮೆರಿಕದ ನ್ಯೂ ಬೆಡ್‌ಫೋರ್ಡ್ ಎಂಬ ಮೀನುಗಾರರ ಊರಿನಲ್ಲಿ ಸಂಶೋಧಕರು ಬಾಣಂತಿಯರ ತಲೆಗೂದಲನ್ನು ಪರೀಕ್ಷಿಸಿ, ಮಕ್ಕಳು ಎಂಟು ವರ್ಷದವರಾದಾಗ ಅವರ ನಡವಳಿಕೆಯ ಬಗ್ಗೆ ಶಿಕ್ಷಕರನ್ನು ಕೇಳಿದರು. ಒಂದು ಗ್ರಾಂ ಕೂದಲಿಗೆ ಪಾದರಸ ಒಂದು ಮೈಕ್ರೋಗ್ರಾಂ ದಾಟಿದ ತಾಯಂದಿರ ಮಕ್ಕಳಲ್ಲಿ ಗಮನ ನಿಲ್ಲದಿರುವುದು, ದುಡುಕು, ಅತಿ ಚಟುವಟಿಕೆ ಹೆಚ್ಚಿದ್ದವು. ಒಂದು ಟನ್ ಕೂದಲಿಗೆ ಒಂದೇ ಗ್ರಾಂ ಎನ್ನಿ! ವಿಚಿತ್ರವೆಂದರೆ, ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಮೀನು ತಿಂದ ತಾಯಂದಿರ ಮಕ್ಕಳಲ್ಲಿ ದುಡುಕು, ಅತಿ ಚಟುವಟಿಕೆ ಕಡಿಮೆಯೇ ಇದ್ದವು. ಮಿದುಳು ಕಟ್ಟುವ ಒಮೆಗಾ-3 ಕೊಬ್ಬೂ ಅದೇ ಮೀನಿನಲ್ಲಿದೆಯಲ್ಲ!

ಹಾಗಾಗಿ ಬಸುರಿಯರ ತಟ್ಟೆಯಿಂದ ಮೀನನ್ನೇ ತೆಗೆಯುವುದು ದಡ್ಡತನ. ಭೂತಾಯಿಯಂಥ ಸಣ್ಣ ಮೀನು ಬಡಿಸಿ. ಶಾರ್ಕ್, ಕತ್ತಿಮೀನಿನಂಥ ದೊಡ್ಡ ಮೀನು ಮಾತ್ರ ಬೇಡ.