ಡಬಲ್ ಮಾಡುತ್ತಾ ಹೋದರೆ ಸೋಲೇ ಇಲ್ಲವೇ?

ಕಳೆದ ತಿಂಗಳು ನಮ್ಮ ಸ್ವಸಹಾಯ ಸಂಘವೊಂದರ ಸಭೆಗೆ ಸದಸ್ಯೆಯೊಬ್ಬರಿಂದ ಸಾಲದ ಅರ್ಜಿ ಬಂತು. ಕಾರಣ: ಮನೆ ರಿಪೇರಿ. ಮೊತ್ತ: 12,700 ರೂಪಾಯಿ. ರಿಪೇರಿಗೆ ಯಾರೂ ಹೀಗೆ ಚಿಲ್ಲರೆ ಸಮೇತ ಕೇಳುವುದಿಲ್ಲ. ವಿಚಾರಿಸಿದಾಗ ನಿಜ ಹೊರಬಂತು. ಅವರ ಗಂಡ ಗೆಳೆಯರ ಜೊತೆ ಗೋವಾಕ್ಕೆ ಹೋಗಿ, ಪಣಜಿಯ ಮಾಂಡೋವಿ ನದಿಯ ಕ್ಯಾಸಿನೋ ಹಡಗಿನಲ್ಲಿ ರೂಲೆಟ್ ಆಡಿ ದುಡ್ಡು ಕಳೆದುಕೊಂಡಿದ್ದರು. ಈಗ 'ಸೋಲದ ಲೆಕ್ಕ' ಸಿಕ್ಕಿದೆಯಂತೆ. ನಾವು ಬೈಯಲಿಲ್ಲ. ಬೈದರೆ ಅವರು ಬಡ್ಡಿಯವನ ಮನೆಗೆ ಹೋಗುತ್ತಾರೆ, ಅಷ್ಟೇ. ಗಂಡನನ್ನೇ ಕರೆಸಿ, "ಆ ಲೆಕ್ಕ ನಮಗೂ ಹೇಳಿಕೊಡಿ" ಎಂದೆವು.

ಅವರು ನೋಟ್‌ಬುಕ್ಕನ್ನೇ ತಂದರು. ಕೆಂಪು ಬಣ್ಣಕ್ಕೆ 100 ಕಟ್ಟುವುದು. ಸೋತರೆ 200, ಮತ್ತೆ ಸೋತರೆ 400, ಹೀಗೇ ದುಪ್ಪಟ್ಟು. ಯಾವಾಗ ಕೆಂಪು ಬಂದರೂ ಹಿಂದೆ ಕಳೆದದ್ದೆಲ್ಲ ಬಂದು ಮೇಲೆ 100 ಉಳಿಯುತ್ತದೆ. ಏಳು ಆಟಕ್ಕೆ ಒಟ್ಟು ಬೇಕಾದದ್ದು 12,700. "ಏಳು ಸಲ ಸಾಲಾಗಿ ಯಾರಾದ್ರೂ ಸೋಲ್ತಾರಾ ಸಿಸ್ಟರ್?" ಕೂಡಿಸಿದ್ದೆಲ್ಲ ಸರಿಯಾಗಿಯೇ ಇತ್ತು, ಒಪ್ಪಿಕೊಳ್ಳಬೇಕು. ಯುರೋಪಿನಲ್ಲಿ ಮಾರ್ಟಿಂಗೇಲ್ ಎಂಬ ಹೆಸರಿನಲ್ಲಿ ಇದು 18ನೇ ಶತಮಾನದಿಂದಲೂ ಇದೆ.

ಒಂದೇ ಸೊನ್ನೆ ಇರುವ ರೂಲೆಟ್ ಚಕ್ರದಲ್ಲಿ 37 ಮನೆಗಳು: 18 ಕೆಂಪು, 18 ಕಪ್ಪು, ಒಂದು ಹಸಿರು. ಆ ಹಸಿರೇ ಸೊನ್ನೆ. ಹೊಲಿಗೆ ತರಗತಿಯ ಡಬ್ಬಿಯಿಂದ ಅಷ್ಟೇ ಬಟನ್ ಆರಿಸಿ ಚೀಲಕ್ಕೆ ಹಾಕಿದೆವು. ಒಂದು ತೆಗೆಯುವುದು, ಬರೆದುಕೊಳ್ಳುವುದು, ವಾಪಸ್ ಹಾಕುವುದು. ಒಂದು ಗಂಟೆ ಆಡಿದರೂ ಕೆಂಪು ಐದು ಸಲಕ್ಕಿಂತ ಹೆಚ್ಚು ತಪ್ಪಲಿಲ್ಲ. ಅವರಿಗೆ ಖುಷಿಯೋ ಖುಷಿ. ನಮ್ಮ ಪ್ರಯೋಗ ನಮಗೇ ಉಲ್ಟಾ ಹೊಡೆಯಿತು.

ಆಮೇಲೆ ಕಾಗದ ಹಿಡಿದು ಕೂತೆವು. ಕೆಂಪು ಬರುವುದು 37ರಲ್ಲಿ 18 ಪಾಲು, ಬಾರದಿರುವುದು 19 ಪಾಲು. 37ರಲ್ಲಿ 19ನ್ನು ಏಳು ಸಲ ಗುಣಿಸಿದರೆ ಸುಮಾರು 106ರಲ್ಲಿ ಒಂದು ಎಂದಾಗುತ್ತದೆ. ಅಂದರೆ ಇಂತಹ 106 ಸುತ್ತು ಆಡಿದರೆ ಸರಾಸರಿ 105 ಸುತ್ತಿನಲ್ಲಿ ನೂರು ನೂರರಂತೆ 10,500 ಬರುತ್ತದೆ. ಉಳಿದ ಒಂದೇ ಸುತ್ತಿನಲ್ಲಿ 12,700 ಹೋಗುತ್ತದೆ. ಆ ಒಂದು ಸುತ್ತು ಮೊದಲ ದಿನವೇ ಬರಬಹುದು.

"ಎಂಟನೇ ಆಟಕ್ಕೂ ದುಡ್ಡಿದ್ರೆ?" ಎಂದರು. ಆಗ 100 ರೂಪಾಯಿ ಲಾಭಕ್ಕಾಗಿ ಇನ್ನೂ 12,800 ಕಟ್ಟಬೇಕು. ಕ್ಯಾಸಿನೋದವರೂ ದಡ್ಡರಲ್ಲ, ಪ್ರತಿ ಮೇಜಿಗೂ ಇಷ್ಟೇ ಕಟ್ಟಬಹುದೆಂಬ ಮಿತಿ ಇಟ್ಟಿರುತ್ತಾರೆ. ಕಪ್ಪು ಇಷ್ಟು ಸಲ ಬಂದಿದೆ, ಇನ್ನು ಕೆಂಪು ಬರಲೇಬೇಕು ಎನ್ನುವುದೂ ಬರೀ ಭ್ರಮೆ. ಚಕ್ರಕ್ಕೆ ನೆನಪಿಲ್ಲ. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೋ ಕ್ಯಾಸಿನೋದಲ್ಲಿ ಕಪ್ಪು ಸತತ 26 ಸಲ ಬಂತು. ಕೆಂಪಿಗೆ ದುಡ್ಡು ಸುರಿದವರೆಲ್ಲ ಮುಳುಗಿದರು.

ಇನ್ನೊಬ್ಬ ಸದಸ್ಯೆ, "ಬಣ್ಣ ಬಿಟ್ಟು ನಂಬರಿಗೆ ಕಟ್ಟಿದ್ರೆ 35 ಪಟ್ಟು ಕೊಡ್ತಾರಂತಲ್ಲ?" ಎಂದರು. 37 ನಂಬರಿಗೂ ಹತ್ತು ಹತ್ತು ಕಟ್ಟಿ ನೋಡಿ. ಹೋದದ್ದು 370. ಗೆದ್ದ ನಂಬರಿಗೆ 350, ಜೊತೆಗೆ ಅದರ ಮೇಲಿಟ್ಟ 10, ಬಂದದ್ದು 360. ಆ ಹತ್ತು ರೂಪಾಯಿ ಮನೆಯವರದು, ಅಂದರೆ ಹಡಗಿನವರದು. ಹೇಗೆ ತಿರುಗಿಸಿ ಕಟ್ಟಿದರೂ ನೂರಕ್ಕೆ ಸುಮಾರು 2.70 ಅವರ ಕಡೆ ಜಾರುತ್ತದೆ. ಅಮೆರಿಕದ ಎರಡು ಸೊನ್ನೆಯ ಚಕ್ರದಲ್ಲಾದರೆ 5.26.

ಹೆಂಡತಿ ಅಷ್ಟು ಹೊತ್ತೂ ಮಾತಾಡಿರಲಿಲ್ಲ. "ಆ 105 ಸಲದ ನೂರು ರೂಪಾಯಿ ಮನೆಗೆ ಬರ್ತದಾ? ಅಲ್ಲೇ ಮತ್ತೆ ಕಟ್ಟೋದು. ಆ ಒಂದು ಸಲದ್ದು ಮಾತ್ರ ಸಂಘದ ಪುಸ್ತಕದಲ್ಲಿ ನನ್ನ ಹೆಸರಿಗೆ" ಎಂದು ಅರ್ಜಿಯನ್ನು ವಾಪಸ್ ತೆಗೆದುಕೊಂಡರು.

ಗಂಡ ಇನ್ನೂ ಪೂರ್ತಿ ಒಪ್ಪಿಲ್ಲ. ಬಟನ್ ಚೀಲವನ್ನು ಕೇಳಿ ಮನೆಗೆ ಒಯ್ದಿದ್ದಾರೆ, ಏಳು ಸಲ ಸಾಲಾಗಿ ಕೆಂಪು ತಪ್ಪಿದ ದಿನ ಬಂದು ಹೇಳುತ್ತಾರಂತೆ. ಹೊಲಿಗೆ ತರಗತಿಯವರು ಬಟನ್ ಎಲ್ಲಿ ಎಂದು ಎರಡು ಸಲ ಕೇಳಿಯಾಯಿತು.