ಪೊದೆಯ ನುಸಿಯೂ ಕರಿಯ ಹಕ್ಕಳೆಯೂ

ಟೈಫಸ್ ಎಂದೊಡನೆ ಅನೇಕರು ಅದನ್ನು ಟೈಫಾಯಿಡ್ ಎಂದೇ ಭಾವಿಸುವುದುಂಟು. ಆದರೆ ಇವೆರಡೂ ಬೇರೆ ಬೇರೆ ವ್ಯಾಧಿಗಳು. ಟೈಫಾಯಿಡ್ ಕಲುಷಿತವಾದ ಅನ್ನಪಾನಗಳಿಂದ ಬರುವುದು. ಟೈಫಸ್ ಗುಂಪಿನ ಜ್ವರಗಳನ್ನು ಹೇನು, ಚಿಗಟ, ನುಸಿ ಮೊದಲಾದ ಕ್ಷುದ್ರ ಜಂತುಗಳು ತರುವುವು. ಇವುಗಳಿಗೆ ಕಾರಣವಾದ ಸೂಕ್ಷ್ಮಜೀವಿಗಳನ್ನು ರಿಕೆಟ್ಸಿಯಾ ಎನ್ನುವರು. 1910ರಲ್ಲಿ ಮೆಕ್ಸಿಕೋ ನಗರದಲ್ಲಿ ಟೈಫಸ್ಸನ್ನು ಪರಿಶೋಧಿಸುತ್ತ ಅದಕ್ಕೇ ಬಲಿಯಾದ ಹೊವಾರ್ಡ್ ರಿಕೆಟ್ಸ್ ಎಂಬ ಅಮೆರಿಕಾದ ವಿಜ್ಞಾನಿಯ ಸ್ಮರಣೆಯಾಗಿ ಈ ಹೆಸರು ಬಂದಿತು.

ಈ ಬಳಗದಲ್ಲಿ ನಮ್ಮ ದೇಶದವರು ಮುಖ್ಯವಾಗಿ ತಿಳಿದಿರಬೇಕಾದುದು ಸ್ಕ್ರಬ್ ಟೈಫಸ್. ಸ್ಕ್ರಬ್ ಎಂದರೆ ಕುರುಚಲು ಪೊದೆ. ಇದರ ಕ್ರಿಮಿಯನ್ನು 1995ರಿಂದ ಓರಿಯೆಂಟಿಯಾ ಎಂಬ ಪ್ರತ್ಯೇಕ ಹೆಸರಿನಿಂದ ಕರೆಯುವರಾದರೂ ಅದು ರಿಕೆಟ್ಸಿಯಾದ ವಂಶಕ್ಕೇ ಸೇರಿದುದು. ಹುಲ್ಲುಪೊದೆಗಳಲ್ಲಿ ವಾಸಿಸುವ ನುಸಿಯ ಮರಿಗಳು, ಕಣ್ಣಿಗೆ ಕಾಣಿಸುವುದೂ ಕಷ್ಟವಾದಷ್ಟು ಸಣ್ಣವು, ಇಲಿಯಂಥ ಪ್ರಾಣಿಗಳ ಮೈಗೆ ಅಂಟಿ ಆಹಾರ ಪಡೆಯುವುವು. ಮನುಷ್ಯನು ಸಿಕ್ಕಿದರೆ ಅವನನ್ನೂ ಬಿಡವು. ರೋಗಬೀಜವು ತಾಯಿನುಸಿಯಿಂದ ಮೊಟ್ಟೆಯ ಮೂಲಕ ಮರಿಗೆ ಇಳಿಯುವುದರಿಂದ, ಒಮ್ಮೆ ಸೋಂಕು ನೆಲೆಸಿದ ಜಾಗದಲ್ಲಿ ಅದು ತಾನಾಗಿ ಅಳಿಯುವುದಿಲ್ಲ. ಆದರೆ ಈ ಜ್ವರವು ರೋಗಿಯಿಂದ ಶುಶ್ರೂಷೆ ಮಾಡುವವರಿಗೆ ಅಂಟುವುದಿಲ್ಲವೆಂಬುದನ್ನು ನಾವು ಸಮಾಧಾನದಿಂದ ನೆನೆಯಬಹುದು.

ನುಸಿ ಕಚ್ಚಿದುದು ತಿಳಿಯುವುದೇ ಇಲ್ಲ. ಸುಮಾರು ಹತ್ತು ದಿನಗಳ ತರುವಾಯ ತೀವ್ರ ಜ್ವರ, ತಲೆನೋವು, ಮೈಕೈ ನೋವುಗಳು ತೋರುವುವು. ಕೆಲವರಿಗೆ ಮೈಮೇಲೆ ದದ್ದುಗಳೂ ಏಳುವುವು. ಈ ಲಕ್ಷಣಗಳು ಮಲೇರಿಯಾ, ಡೆಂಗಿ, ಟೈಫಾಯಿಡುಗಳಲ್ಲಿಯೂ ಇರುವುದರಿಂದ ವೈದ್ಯರು ಸಹ ಮೋಸಹೋಗುವ ಸಂಭವವುಂಟು. ಗುರುತು ಹಿಡಿಯಲು ಒಂದು ಸುಳಿವಿದೆ: ಕಚ್ಚಿದ ಸ್ಥಳದಲ್ಲಿ ಬೆಂಕಿಯಿಂದ ಸುಟ್ಟಂತೆ ಕಾಣುವ, ನೋವಿಲ್ಲದ ಕರಿಯ ಹಕ್ಕಳೆ. ಅದು ಎಲ್ಲರಲ್ಲಿಯೂ ಇರುವುದಿಲ್ಲ. ಇದ್ದರೂ ಕಂಕುಳು, ತೊಡೆಯ ಸಂದು, ಸೊಂಟ ಮೊದಲಾದ ಮರೆಯ ಸ್ಥಳಗಳಲ್ಲಿ ಅಡಗಿರುವುದು. ರೋಗಿಯು ಲಜ್ಜೆಯಿಂದ ಅದನ್ನು ಮರೆಮಾಚಿದರೆ, ಅಥವಾ ಮನೆಯವರು ನೋಡದೆ ಹೋದರೆ, ಅಮೂಲ್ಯವಾದ ದಿನಗಳು ಕಳೆದುಹೋಗುವುವು. ಅಷ್ಟರಲ್ಲಿ ರೋಗವು ರಕ್ತನಾಳಗಳ ಒಳಪದರವನ್ನು ಕೆಡಿಸಿ, ಶ್ವಾಸಕೋಶ, ಮೂತ್ರಪಿಂಡ, ಮಿದುಳುಗಳನ್ನು ಮುಟ್ಟಬಹುದು.

ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಂ ಮತ್ತು ಬರ್ಮಾ ಗಡಿಗಳ ಸೈನಿಕರು ಈ ಜ್ವರದಿಂದ ನರಳಿದಾಗ ತಕ್ಕ ಔಷಧವಿರಲಿಲ್ಲ. 1948ರಲ್ಲಿ ಕೌಲಾಲಂಪುರದಲ್ಲಿ ಕ್ಲೋರಾಂಫೆನಿಕಾಲಿನ ಗುಣವು ಸಿದ್ಧಪಟ್ಟಿತು. ಇಂದು ಡಾಕ್ಸಿಸೈಕ್ಲಿನ್ ಮುಖ್ಯ ಔಷಧ. ಗರ್ಭಿಣಿಯರಿಗೆ ಅಜಿತ್ರೋಮೈಸಿನ್ ಕೊಡುವರು. ಪೆನಿಸಿಲಿನ್ ಇಲ್ಲಿ ನಿಷ್ಪ್ರಯೋಜಕ. ಸಕಾಲದಲ್ಲಿ ಆರಂಭಿಸಿದರೆ ಸಾಮಾನ್ಯವಾಗಿ ಎರಡು ದಿನಗಳಲ್ಲಿ ಜ್ವರವು ಇಳಿಯುವುದು. ಸಂಶಯವು ಬಲವಾಗಿದ್ದರೆ ವೈದ್ಯರು ರಕ್ತಪರೀಕ್ಷೆಯ ಫಲಿತಾಂಶಕ್ಕಾಗಿ ಕಾಯದೆ ಚಿಕಿತ್ಸೆಯನ್ನು ಆರಂಭಿಸುವುದುಂಟು.

ಇದಕ್ಕೆ ಲಸಿಕೆಯಿಲ್ಲ. ಪೊದೆಗಳಲ್ಲಿ ಸಂಚರಿಸುವಾಗ ಮೈತುಂಬ ಬಟ್ಟೆ ಧರಿಸಬೇಕು. ಹಿಂದಿರುಗಿದೊಡನೆ ಸ್ನಾನ ಮಾಡಿ ಉಡುಪನ್ನು ಒಗೆಯಬೇಕು. ಕಾಡು, ತೋಟ, ಹೊಲಗಳಿಗೆ ಹೋಗಿಬಂದವರಿಗೆ ಜ್ವರ ಬಂದರೆ ಆ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಔಷಧವು ಸುಲಭ, ಮರೆಯಲ್ಲಿರುವ ಆ ಹಕ್ಕಳೆಯನ್ನು ಹುಡುಕಿ ನೋಡುವುದು ಮಾತ್ರ ನಮ್ಮ ಪಾಲಿನ ಕರ್ತವ್ಯ.