ಅಂಗಡಿಯಲ್ಲಿ ಹುಟ್ಟಿ ಮನೆ ಸೇರಿದ ಹಬ್ಬಗಳು

1958ರ ಫೆಬ್ರುವರಿ. ಟೋಕಿಯೊದ ಶಿಂಜುಕುವಿನ ಇಸೆತಾನ್ ಮಳಿಗೆಯಲ್ಲಿ ಮೇರಿ ಎಂಬ ಚಾಕೊಲೇಟ್ ಕಂಪನಿ ಪ್ರೇಮಿಗಳ ದಿನದ ವಿಶೇಷ ಮಾರಾಟ ಇಟ್ಟಿತ್ತು. ಹಬ್ಬದ ಹೆಸರನ್ನೇ ಕೇಳದ ಗಿರಾಕಿಗಳು ಹಾಗೇ ನಡೆದುಹೋದರು. ಖರ್ಚಾದದ್ದು ಬೆರಳೆಣಿಕೆಯಷ್ಟು ಚಾಕೊಲೇಟು. ಕಂಪನಿ ಮಾತ್ರ ಪಟ್ಟು ಬಿಡಲಿಲ್ಲ. ಹೆಣ್ಣುಮಕ್ಕಳೇ ಚಾಕೊಲೇಟ್ ಕೊಟ್ಟು ಮನಸ್ಸಿನ ಮಾತು ತಿಳಿಸಲಿ ಎಂಬ ಪ್ರಚಾರ ವರ್ಷದಿಂದ ವರ್ಷಕ್ಕೆ ನಡೆಯಿತು. ಪ್ರೀತಿಯನ್ನು ಹುಡುಗಿ ಮೊದಲು ಬಾಯಿಬಿಟ್ಟು ಹೇಳಬಾರದು ಎಂಬ ಕಟ್ಟುಪಾಡಿನ ಸಮಾಜದಲ್ಲಿ ಅದಕ್ಕೊಂದು ದಿನವೇ ಸಿಕ್ಕಂತಾಯಿತು. 1970ರ ದಶಕದ ಹೊತ್ತಿಗೆ ಶಾಲಾ ಹುಡುಗಿಯರು ಆ ದಿನವನ್ನು ತಮ್ಮದಾಗಿಸಿಕೊಂಡಿದ್ದರು.

ಜಪಾನಿನಲ್ಲಿ ಇಂದಿಗೂ ಫೆಬ್ರುವರಿ 14ರಂದು ಕೊಡುವವಳು ಹೆಣ್ಣು, ಪಡೆಯುವವನು ಗಂಡು. ನಲ್ಲನಿಗೆ ಕೊಡುವುದು ‘ಹೊನ್ಮೆಯ್’ ಚಾಕೊಲೇಟ್. ಮೇಲಧಿಕಾರಿಗೆ, ಸಹೋದ್ಯೋಗಿಗಳಿಗೆ ಹಂಚುವುದು ‘ಗಿರಿ’ ಚಾಕೊಲೇಟ್. ಅದರಲ್ಲಿ ಪ್ರೇಮವಿಲ್ಲ, ಬರೀ ಬಾಧ್ಯತೆ. ನಮ್ಮ ಮದುವೆ ಮನೆಯ ಮುಯ್ಯಿಯಂತೆ ಪಡೆದವರು ತಿರುಗಿ ಕೊಡಲೇಬೇಕು. 1970ರ ದಶಕದ ಕೊನೆಯಲ್ಲಿ ಫುಕುವೊಕಾದ ಮಿಠಾಯಿ ಅಂಗಡಿಯೊಂದು ಗಂಡಸರು ಮಾರ್ಷ್‌ಮ್ಯಾಲೊ ಕೊಟ್ಟು ಋಣ ತೀರಿಸಲಿ ಎಂದಿತು. 1980ರಲ್ಲಿ ದೇಶದ ಮಿಠಾಯಿ ತಯಾರಕರೆಲ್ಲ ಸೇರಿ ಮಾರ್ಚ್ 14ನ್ನು ‘ವೈಟ್ ಡೇ’ ಎಂದು ಆಚರಣೆಗೆ ತಂದರು.

ಬಾಧ್ಯತೆ ಭಾರವಾಗುವುದು ಸಹಜ. ಇಡೀ ಕಚೇರಿಗೆ ಹಂಚುವ ಖರ್ಚು ದುಡಿಯುವ ಹೆಂಗಸರ ಕಿಸೆಗೇ ಬೀಳುತ್ತಿತ್ತು. 2018ರಲ್ಲಿ ಗೊಡೈವಾ ಎಂಬ ಚಾಕೊಲೇಟ್ ಕಂಪನಿಯೇ ನಿಕೇಯ್ ಪತ್ರಿಕೆಯಲ್ಲಿ ದೊಡ್ಡ ಜಾಹೀರಾತು ಹಾಕಿ, ಗಿರಿ ಚಾಕೊಲೇಟ್ ನಿಲ್ಲಿಸೋಣ ಎಂದಿತು. ದೇಶದಲ್ಲಿ ಚರ್ಚೆಯೆದ್ದಿತು. ಈಗ ಗೆಳತಿಯರು ಪರಸ್ಪರ ಹಂಚಿಕೊಳ್ಳುವ ‘ತೋಮೊ’ ಚಾಕೊಲೇಟ್ ಕೂಡ ರೂಢಿಯಲ್ಲಿದೆ. ಇದು ಒಳ್ಳೆಯ ಬದಲಾವಣೆ.

ದಕ್ಷಿಣ ಕೊರಿಯಾದವರು ಈ ಎರಡು ದಿನಗಳ ಜೊತೆಗೆ ಮೂರನೆಯದೊಂದನ್ನು ಸೇರಿಸಿದ್ದಾರೆ. ಎರಡು ತಿಂಗಳೂ ಉಡುಗೊರೆ ಕಾಣದ ಒಂಟಿ ಜೀವಗಳು ಏಪ್ರಿಲ್ 14ರ ‘ಬ್ಲ್ಯಾಕ್ ಡೇ’ಯಂದು ಜೊತೆಗೂಡಿ, ಸೋಯಾ ಕಾಳಿನ ಕಪ್ಪು ಗೊಜ್ಜು ಸುರಿದ ಜಾಜಂಗ್‌ಮ್ಯೋನ್ ಎಂಬ ನೂಡಲ್ಸ್ ತಿನ್ನುತ್ತಾರೆ. ಜೊತೆಗಾರರಿಲ್ಲದವರಿಗೂ ಎಲೆ ಹಾಕುವ ಇಂಥ ಹಬ್ಬ ಅಪರೂಪ.

ಬ್ರೆಜಿಲ್‌ನಲ್ಲಿ ಪ್ರೇಮಿಗಳ ದಿನ ಬರುವುದು ಜೂನ್ 12ಕ್ಕೆ. 1940ರ ದಶಕದ ಕೊನೆಯಲ್ಲಿ ಸಾವೊ ಪಾಲೊದ ಕ್ಲಿಪ್ಪರ್ ಮಳಿಗೆಯವರು ಜೂನ್ ತಿಂಗಳ ಮಂದ ವ್ಯಾಪಾರಕ್ಕೆ ದಾರಿ ಹುಡುಕಿ ಎಂದು ಜೊವಾವೊ ಡೊರಿಯಾ ಎಂಬ ಜಾಹೀರಾತುಗಾರನಿಗೆ ಹೇಳಿದರು. ಆತ ಆರಿಸಿದ್ದು ಸಂತ ಅಂತೋನಿಯ ಹಬ್ಬದ ಹಿಂದಿನ ದಿನವನ್ನು. ಅಂತೋನಿ ಅಲ್ಲಿ ಮದುವೆ ಕೂಡಿಸುವ ಸಂತ. ವರ ಸಿಗದೆ ಬೇಸತ್ತ ಹುಡುಗಿಯರು ಅವನ ಪುಟ್ಟ ವಿಗ್ರಹವನ್ನು ತಲೆಕೆಳಗು ಮಾಡಿ ನೀರಿನಲ್ಲಿ ಇಡುತ್ತಾರೆ; ಗಂಡು ಸಿಕ್ಕ ಮೇಲೆಯೇ ಬಿಡುಗಡೆ! ಜನರಲ್ಲಿ ಮೊದಲೇ ಇದ್ದ ಇಂಥ ಸಲುಗೆಯ ಭಕ್ತಿಯ ಪಕ್ಕ ನಿಂತದ್ದರಿಂದಲೇ ಜಾಹೀರಾತಿನ ದಿನ ಬೇರೂರಿತು.

ಚೀನಾದ ಚೀಶಿ ಎಂಬ ಪ್ರೇಮಿಗಳ ಹಬ್ಬ ಮಾತ್ರ ಅಂಗಡಿಯ ಸೃಷ್ಟಿಯಲ್ಲ. ಚಾಂದ್ರಮಾನದ ಏಳನೇ ತಿಂಗಳ ಏಳನೇ ದಿನ, ಕಥೆಯ ಪ್ರಕಾರ, ಆಕಾಶಗಂಗೆಯ ಆಚೆ ದಡದ ನೇಕಾರ ಹುಡುಗಿ ಈಚೆ ದಡದ ದನಗಾಹಿಯನ್ನು ಕೂಡುತ್ತಾಳೆ. ವರ್ಷಕ್ಕೊಮ್ಮೆ ಮ್ಯಾಗ್‌ಪೈ ಹಕ್ಕಿಗಳು ರೆಕ್ಕೆಗೆ ರೆಕ್ಕೆ ಸೇರಿಸಿ ಅವರಿಗೆ ಸೇತುವೆಯಾಗುತ್ತವೆ. ಹಿಂದೆ ಅಂದು ಹುಡುಗಿಯರು ಬೆಳದಿಂಗಳಲ್ಲಿ ಸೂಜಿಗೆ ದಾರ ಪೋಣಿಸಿ ಕೈಚಳಕ ಬೇಡುತ್ತಿದ್ದರು; ಗುಲಾಬಿ, ಹೋಟೆಲ್ ಊಟ ಈಚಿನವು. 2006ರಲ್ಲಿ ಚೀನಾ ಇದನ್ನು ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಆ ನೇಕಾರಳು ನಮ್ಮ ಅಭಿಜಿತ್ ನಕ್ಷತ್ರ, ದನಗಾಹಿ ನಮ್ಮ ಶ್ರವಣ. ಹಬ್ಬವೂ ಹೆಚ್ಚಾಗಿ ನಮ್ಮ ಶ್ರಾವಣ ಮಾಸದಲ್ಲೇ ಬೀಳುತ್ತದೆ.

ಇವೆಲ್ಲವುಗಳಲ್ಲಿ ಕನ್ನಡಿಗರು ಕಣ್ಣಿಟ್ಟು ನೋಡಬೇಕಾದದ್ದು ಸ್ಪೇನಿನ ಕ್ಯಾಟಲೋನಿಯಾದ ಏಪ್ರಿಲ್ 23. ಅದು ಸಂತ ಜೋರ್ಡಿಯ ದಿನ. ಬಾರ್ಸಿಲೋನಾದ ಬೀದಿಗಳಲ್ಲಿ ಹೂವಿನ ಅಂಗಡಿಯ ಪಕ್ಕದಲ್ಲೇ ಪುಸ್ತಕದ ಅಂಗಡಿ. ಗೋಧಿ ತೆನೆ ಸೇರಿಸಿ ಕಟ್ಟಿದ ಕೆಂಪು ಗುಲಾಬಿಯನ್ನು ಗಂಡು ಹೆಣ್ಣಿಗೆ ಕೊಡುವುದು ಶತಮಾನಗಳ ಪದ್ಧತಿ. ಪುಸ್ತಕ ಸೇರಿಕೊಂಡದ್ದು ಆಮೇಲೆ. ಪ್ರಕಾಶಕ ವಿಸೆಂಟ್ ಕ್ಲಾವೆಲ್ ಅವರ ಒತ್ತಾಸೆಯಿಂದ 1926ರಲ್ಲಿ ಸ್ಪೇನಿನ ಪುಸ್ತಕ ದಿನ ಅಕ್ಟೋಬರ್‌ನಲ್ಲಿ ಶುರುವಾಯಿತು; 1930ರಲ್ಲಿ ಅದು ಏಪ್ರಿಲ್ 23ಕ್ಕೆ ಬಂತು. ಮೊದಲು ಗಂಡಿಗೆ ಪುಸ್ತಕ, ಹೆಣ್ಣಿಗೆ ಹೂವು ಎಂಬ ಲೆಕ್ಕವಿತ್ತು. ಅದೀಗ ಅಳಿಸುತ್ತಿದೆ, ಇಬ್ಬರೂ ಎರಡನ್ನೂ ಕೊಟ್ಟು ಪಡೆಯುತ್ತಾರೆ. ಲೇಖಕರು ಬೀದಿಯಲ್ಲೇ ಕುಳಿತು ಸಹಿ ಹಾಕುತ್ತಾರೆ. 1995ರಲ್ಲಿ ಯುನೆಸ್ಕೊ ಇದೇ ದಿನವನ್ನು ವಿಶ್ವ ಪುಸ್ತಕ ದಿನವೆಂದು ಘೋಷಿಸಿತು.

ಪ್ರತಿ ಫೆಬ್ರುವರಿಯಲ್ಲಿ ಬೆಂಗಳೂರಿನ ಆಸುಪಾಸಿನ ಗುಲಾಬಿ ವಿಮಾನವೇರಿ ಹೊರದೇಶಗಳ ಪ್ರೇಮಿಗಳ ಕೈ ಸೇರುತ್ತದೆ. ಹೂವಿಗೆ ನಮ್ಮಲ್ಲಿ ಕೊರತೆಯಿಲ್ಲ, ಒಳ್ಳೆಯ ಕನ್ನಡ ಪುಸ್ತಕಗಳಿಗೂ ಇಲ್ಲ. ಮುಂದಿನ ಏಪ್ರಿಲ್ 23ರಂದು ಮನಸ್ಸಿಗೆ ಹತ್ತಿರವಾದವರಿಗೆ ಎರಡನ್ನೂ ಒಟ್ಟಿಗೆ ಕೊಡಿ. ಪುಸ್ತಕವನ್ನು ನಿಮ್ಮೂರಿನ ಅಂಗಡಿಯಲ್ಲೇ ಕೊಳ್ಳಿ.